ದನಗಳಿಗೆ ಮಾಲೆ ಕಟ್ಟಿದ ವರ್ಷ

ನಮ್ಮ ಹೂದೋಟದ ಮಂಡಳಿ ಹುಟ್ಟಿದ್ದು ಡೇರೆ ಹೂವಿನ, ಅಂದರೆ ಡೇಲಿಯಾದ, ಗಡ್ಡೆಯ ಜಗಳದಿಂದ. ಅರಣ್ಯ ಇಲಾಖೆಯ ರೇಂಜರ ಹೆಂಡತಿ ಧಾರವಾಡದ ಕಡೆಯವರು. ಶಿರಸಿಗೆ ಬಂದ ಮೊದಲ ಮಳೆಗಾಲದಲ್ಲೇ ಅವರ ಕ್ವಾರ್ಟರ್ಸಿನ ಅಂಗಳದಲ್ಲಿ ತಾಟಿನಷ್ಟಗಲದ ಡೇರೆ ಹೂ ಬಿಟ್ಟಿತು. ಅದರ ಗಡ್ಡೆ ತನ್ನ ಹಿತ್ತಲಿನಿಂದಲೇ ಹೋದದ್ದು ಎಂದು ವಕೀಲರ ಹೆಂಡತಿ ಊರೆಲ್ಲ ಹೇಳಿಕೊಂಡು ಬಂದರು. ಇದನ್ನು ತೀರ್ಮಾನ ಮಾಡಬೇಕೆಂದು ಹೆಂಗಸರು ಒಂದು ಮಧ್ಯಾಹ್ನ ಕೂತರು, ಚಹಾ ಕುಡಿದರು. ಜಗಳ ತೀರಲಿಲ್ಲ, ಮಂಡಳಿಯೊಂದು ಆಯಿತು. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಒಂದೆರಡು ವರ್ಷ ಕಳೆದಿದ್ದ ಕಾಲ ಅದು.

ರೇಂಜರ ಹೆಂಡತಿಯನ್ನು ನಾವೆಲ್ಲ ಬಾಯಾರು ಎನ್ನುತ್ತಿದ್ದೆವು. ಓದಿದ ಹೆಂಗಸು, ಕೆಟ್ಟವರಲ್ಲ. ಯಾವ ಕೆಲಸ ಹಿಡಿದರೂ ಅದು ಮುಗಿಯುವ ಮೊದಲೇ ಇನ್ನೊಂದರ ಯೋಚನೆ ಅವರಿಗೆ. ವಕೀಲರ ಹೆಂಡತಿ ಹವ್ಯಕರ ಪೈಕಿ, ಮಡಿ ಜಾಸ್ತಿ, ಕೈಗುಣ ಇನ್ನೂ ಜಾಸ್ತಿ. ಒಣಕಡ್ಡಿ ಚುಚ್ಚಿದರೂ ಚಿಗುರುತ್ತಿತ್ತು. ಲಾರಿ ಮಾಲೀಕರ ಮನೆಯ ಬೀಬಿ ಗುಲಾಬಿ ಬೆಳೆಸುತ್ತಿದ್ದಳು. ಅವಳ ಗುಲಾಬಿ ನೋಡಲು ಎಲ್ಲರೂ ಹೋಗುತ್ತಿದ್ದರು, ಅವಳ ಮನೆಯ ಚಹಾ ಕುಡಿಯುತ್ತಿದ್ದವಳು ನಾನೊಬ್ಬಳೇ.

ನನ್ನ ತವರು ಗುಡ್ನಾಪುರದ ಕೆರೆ ಕಡೆ. ಮದುವೆಯಾಗಿ ಬಂದದ್ದು ಶಿರಸಿ ಪೇಟೆಯ ಕಿರಾಣಿ ಅಂಗಡಿಯವರ ಮನೆಗೆ. ಕಲಿತದ್ದು ಮೂರನೇ ಇಯತ್ತೆ. ನನ್ನನ್ನು ಮಂಡಳಿಗೆ ಸೇರಿಸಿಕೊಂಡದ್ದು ನನ್ನ ಹೂ ನೋಡಿ ಅಲ್ಲ. ನಮ್ಮ ಅಂಗಡಿಗೆ ಅಗಲವಾದ ಕಟ್ಟೆ ಇತ್ತು, ಹಿಂದೆ ದೊಡ್ಡ ಉಗ್ರಾಣ ಇತ್ತು. ಹೂ ಮಾರಲು ಕಟ್ಟೆ, ಹೂ ಇಡಲು ಉಗ್ರಾಣ. ನನಗೆ ಅದು ಮೊದಲ ದಿನವೇ ತಿಳಿದಿತ್ತು, ಬೇಜಾರೇನೂ ಆಗಲಿಲ್ಲ. ಮನೆಯಿಂದ ಹೊರಗೆ ಕಾಲಿಡಲು ನನಗೊಂದು ನೆಪ ಬೇಕಿತ್ತು.

ಮಂಡಳಿಯೆಂದ ಮೇಲೆ ಸಮಾಜಸೇವೆ ಮಾಡಬೇಕು ಎಂದು ಬಾಯಾರು ಹೇಳಿದರು. ಆಸ್ಪತ್ರೆಯ ಹೆರಿಗೆ ಕೋಣೆಯ ಕಿಟಕಿಗಳಲ್ಲಿ ಹೂವಿನ ಕುಂಡ ಇಡುವುದು ಅವರ ಮೊದಲ ಯೋಚನೆ. ಕುಂಡ ಹೊತ್ತುಕೊಂಡು ನಾಲ್ಕು ಹೆಂಗಸರು ಹೋದೆವು. ಅಲ್ಲಿದ್ದ ನರ್ಸ್ ಕರಾವಳಿಯವಳು, ಒಬ್ಬಳೇ ಇಡೀ ಕೋಣೆಗೆ. ಕುಂಡ ನೋಡಿದಳು, ನಮ್ಮನ್ನು ನೋಡಿದಳು.

"ಹೂ ಎಂತಕ್ಕೆ ಬಾಯಿ? ಬಿಸಿನೀರು ಕೊಡ್ತೀರಾ? ಗಂಜಿ ಕೊಡ್ತೀರಾ? ಅದು ಕೊಡಿ."

ಆ ಕೋಣೆಯನ್ನು ಅವತ್ತೇ ನಾನು ಸರಿಯಾಗಿ ನೋಡಿದ್ದು. ಸರ್ಕಾರ ಕೊಡುತ್ತಿದ್ದದ್ದು ಕಬ್ಬಿಣದ ಮಂಚ ಮತ್ತು ಔಷಧ. ಉಳಿದದ್ದೆಲ್ಲ ಮನೆಯವರು ತರಬೇಕು, ಕಟ್ಟಿಗೆ, ಅಕ್ಕಿ, ಹಳೆ ಬಟ್ಟೆ, ಎಣ್ಣೆ. ಮನೆಯವರು ಇದ್ದವರ ಮಂಚದ ಕೆಳಗೆ ಅಗ್ಗಿಷ್ಟಿಕೆ ಉರಿಯುತ್ತಿತ್ತು. ಇಲ್ಲದವರು ಮೈ ಮುದುಡಿ ಮಲಗಿದ್ದರು, ಬಟ್ಟೆ ಒಗೆಯುವವರಿಲ್ಲದೆ ನೊಣ ಮುಕುರಿತ್ತು. ವಕೀಲರ ಹೆಂಡತಿ ಮೂಗಿಗೆ ಸೆರಗು ಹಿಡಿದವರು ಹೊರಗೆ ಬರುವ ತನಕ ಬಿಡಲಿಲ್ಲ. ಆದರೆ ಮೊದಲ ಪಾಳಿ ತನಗಿರಲಿ ಎಂದವರೂ ಅವರೇ. ಮಡಿ ಹೆಂಗಸರನ್ನು ಅಷ್ಟು ಸುಲಭಕ್ಕೆ ಅಳೆಯಲು ಬರುವುದಿಲ್ಲ.

ಹಾಗೆ ಪಾಳಿ ಶುರುವಾಯಿತು. ದಿನಕ್ಕೊಬ್ಬರು. ಕಟ್ಟಿಗೆ ರೇಂಜರ ಕಡೆಯಿಂದ, ನುಚ್ಚಕ್ಕಿ ನಮ್ಮ ಅಂಗಡಿಯಿಂದ. ಹಿಂಬದಿಯ ಚಪ್ಪರದಲ್ಲಿ ಒಂದು ತಾಮ್ರದ ಹಂಡೆ ಕೂರಿಸಿದೆವು, ಎಲ್ಲ ಬಾಣಂತಿಯರಿಗೂ ಅದೇ ಹಂಡೆಯ ನೀರು. ಯಾರೂ ಇಲ್ಲದವರಿಗೆ ಗಂಜಿ ಕುಡಿಸುವುದು, ಬಟ್ಟೆ ಒಗೆಯುವುದು, ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವುದು. ಮಧ್ಯಾಹ್ನ ಮನೆಗೆ ಬಂದು ಹಿತ್ತಲಲ್ಲೇ ಮಿಂದು ಒಳಗೆ ಹೋಗುವುದು. ಎಷ್ಟು ಕೂಸು ಉಳಿದವು, ಎಷ್ಟು ಹೋದವು ಎಂದು ನಾನು ಲೆಕ್ಕ ಇಡಲಿಲ್ಲ. ಹೋದವೇ ಹೆಚ್ಚು ನೆನಪಿನಲ್ಲಿವೆ.

ದುಡ್ಡಿಗೆ ದೊಡ್ಡಹಬ್ಬ. ನಮ್ಮ ಕಡೆ ದೀಪಾವಳಿಗೆ ದೊಡ್ಡಹಬ್ಬ ಎನ್ನುತ್ತಾರೆ. ಪಾಡ್ಯದ ದಿನ ಗೋಪೂಜೆ. ದನಗಳನ್ನು ಮೀಯಿಸಿ, ಕೋಡಿಗೆ ಬಣ್ಣ ಹಚ್ಚಿ, ಕೊರಳಿಗೆ ಮಾಲೆ ಹಾಕಬೇಕು. ಚೆಂಡುಹೂ, ಸಿಪ್ಪೆ ಅಡಿಕೆ, ಅಡಿಕೆ ಹೂವಿನ ಸಿಂಗಾರದ ಎಳೆ, ಎಲ್ಲ ಸೇರಿಸಿ ಬಾಳೆನಾರಿನಲ್ಲಿ ಪೋಣಿಸಿದ ಮಾಲೆ. ತೋಟ ಇದ್ದವರು ಮನೆಯಲ್ಲೇ ಕಟ್ಟಿಕೊಳ್ಳುತ್ತಾರೆ. ಪೇಟೆಯಲ್ಲಿ ದನ ಕಟ್ಟಿದವರಿಗೆ ಹೂವೆಲ್ಲಿ, ನಾರೆಲ್ಲಿ? ನಾವು ಕಟ್ಟಿ ಮಾರಿದರೆ ಬಂದ ದುಡ್ಡಿನಲ್ಲಿ ಹೆರಿಗೆ ಕೋಣೆಗೆ ಕಂಬಳಿ ಕೊಡಬಹುದು ಎಂದು ಬಾಯಾರು ಲೆಕ್ಕ ಹಾಕಿದರು. ಮೊದಲ ವರ್ಷ ಚೆನ್ನಾಗಿಯೇ ಆಯಿತು. ನಾನು ಹೇಳಹೊರಟದ್ದು ಎರಡನೆಯ ವರ್ಷದ್ದು.

ಬಾಳೆನಾರು ತರುತ್ತಿದ್ದವಳು ಕಾನಸೂರು ಕಡೆಯ ಒಬ್ಬ ಕೂಲಿ ಹುಡುಗಿ. ಬಾಳೆ ದಿಂಡಿನ ಪಟ್ಟೆ ಸೀಳಿ ಒಣಗಿಸಿ, ಹೊರೆ ಕಟ್ಟಿ, ಸಂತೆಯ ದಿನ ಬಸ್ಸಿನ ಮೇಲೆ ಹಾಕಿಕೊಂಡು ಬರುತ್ತಿದ್ದಳು. ನಾವು ಅವಳನ್ನು ನಾರಿನ ಹುಡುಗಿ ಎನ್ನುತ್ತಿದ್ದೆವು. ಕಡ್ಡಿಯಂಥ ಮೈ. ಆ ವರ್ಷ ಶ್ರಾವಣದಲ್ಲಿ ಬಂದಾಗ ಹೊಟ್ಟೆ ಕಾಣುತ್ತಿತ್ತು. ಉಗ್ರಾಣದ ಮೆಟ್ಟಿಲ ಮೇಲೆ ಕೂತು ನೀರು ಕುಡಿಯುವಾಗ ಬಾಯಾರು ಕೇಳಿದರು, ಎಷ್ಟನೆಯದು ಎಂದು.

"ಮೂರ್ನೇದು ಅಮಾ. ಒಂದು ಅಳ್ಲೇ ಇಲ್ಲ. ಇನ್ನೊಂದು ಅತ್ತಿತ್ತು, ಹೆಸ್ರು ಇಡೂಕೆ ಮುಂಚೆ ಹೋತು."

"ಈ ಸಲ ದವಾಖಾನಿಗೆ ಬಾ" ಎಂದರು ಬಾಯಾರು.

"ದವಾಖಾನೆಲಿ ನಂಗೆ ಯಾರಿದ್ರು? ಗಂಡ ಯಲ್ಲಾಪುರದ ಬದಿ ಮರ ಕಡಿಯೂಕೆ ಹೋದವ ಹಬ್ಬ ಕಳ್ದೇ ಬರೂದು. ಅತ್ತೆಗೆ ಕಣ್ಣು ಕಾಣೂದಿಲ್ಲ. ಮನೇಲಾದ್ರೆ ಒಲೆನಾದ್ರೂ ಇತ್ತು."

"ನಾವಿಲ್ಲೇನ? ದಿನಾ ಒಬ್ರು ಬರ್ತೀವಲ್ಲ. ನಿನ್ನ ಗಂಜಿ, ನಿನ್ನ ನೀರು ಎಲ್ಲಾ ನಮ್ದು."

ಹುಡುಗಿ ಬಾಯಾರ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. "ಹೌದಾ ಅಮಾ?" ಎಂದಳು. ಹೌದು ಎಂದೆ. ಮಂಡಳಿ ಮಾಡುತ್ತಿದ್ದದ್ದೇ ಅದು, ಹೌದು ಎನ್ನದೆ ಏನು ಹೇಳಲಿ.

ದೊಡ್ಡಹಬ್ಬಕ್ಕೆ ವಾರವಿರುವಾಗ ಅವಳು ನಾರಿನ ಹೊರೆಯನ್ನೂ ಹೊಟ್ಟೆಯನ್ನೂ ಹೊತ್ತು ಬಂದಳು. ಹೊರೆ ಉಗ್ರಾಣದಲ್ಲಿ ಇಳಿಸಿ ಹಾಗೆಯೇ ಆಸ್ಪತ್ರೆಗೆ ನಡೆದಳು. ಮರುದಿನವೇ ಹೆತ್ತಳು. ಗಂಡು. ಅವತ್ತು ನನ್ನ ಪಾಳಿ. ನಾನು ಹಂಡೆಗೆ ಕಟ್ಟಿಗೆ ಒಟ್ಟುತ್ತಿದ್ದಾಗ ಒಳಗಿಂದ ಬೆಕ್ಕಿನ ಮರಿಯ ಹಾಗೆ ಸಣ್ಣ ದನಿ ಬಂತು. ಒಳಗೆ ಹೋದರೆ ಹುಡುಗಿ ಕತ್ತೆತ್ತಿ ಕೇಳಿದಳು, "ಅಳ್ತು ಅಲ್ದಾ ಅಮಾ? ನಿಂಗೂ ಕೇಳ್ತು ಅಲ್ದಾ?"

ಕೇಳಿತು ಎಂದೆ. ನರ್ಸ್ ನನ್ನನ್ನು ಬಾಗಿಲ ಹೊರಗೆ ಕರೆದಳು.

"ಕೂಸು ಸಣ್ಣದು. ತೂಕ ಇಲ್ಲ. ಬೆಚ್ಚಗೆ ಇಟ್ರೆ, ತಾಯಿಗೆ ಹೊಟ್ಟೆ ತುಂಬ ಹಾಕಿದ್ರೆ ಹಾಲು ಬರ್ತದೆ, ಉಳೀತದೆ. ಇಲ್ದಿದ್ರೆ ಇಲ್ಲ. ಹದಿನೈದು ದಿನ ಇಲ್ಲಿಂದ ಅಲ್ಲಾಡೂದು ಬೇಡ. ನಂಗೊಬ್ಳಿಗೆ ಆಗೂದಿಲ್ಲ, ನೀವು ನೋಡ್ಬೇಕು."

ನಾನು ಗಂಜಿಗೆ ತುಪ್ಪ ಹಾಕಿ ಕುಡಿಸಿದೆ. ಕೂಸನ್ನು ನನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅವಳ ಎದೆಗೆ ಒತ್ತಿದೆ. ಮುಂದಿನ ಎರಡು ದಿನ ಬೇರೆಯವರ ಪಾಳಿ, ಅವರೂ ಸರಿಯಾಗಿಯೇ ನೋಡಿಕೊಂಡರು. ಅವಳಿಗೆ ಹಾಲು ಬರತೊಡಗಿತು ಎಂದು ಸುದ್ದಿ ಬಂತು.

ಮೂರನೆಯ ದಿನ ನಮ್ಮ ಉಗ್ರಾಣದಲ್ಲಿ ಮಂಡಳಿ ಕೂತಿತ್ತು, ಮಾಲೆಗೆ ಅಡಿಕೆ ಆರಿಸಲು. ವಕೀಲರ ಹೆಂಡತಿ ತಡವಾಗಿ ಬಂದರು, ಕೂರಲಿಲ್ಲ.

"ಎಂತ ಮಾಡದು ಹೇಳಿ. ನಮ್ಮ ಕೇರಿಲಿ ಮಾಲೆ ಬೇಕು ಹೇಳಿದ್ವೆಲ್ಲ ಈಗ ಬ್ಯಾಡ ಹೇಳಿ ಕಳ್ಸಿದ್ದ. ಸೋಂದಾ ಬದಿಯ ಅಜ್ಜಿ ಒಬ್ಬಳು ಆನು ಹೆರಿಗೆ ಕ್ವಾಣೆಯಿಂದ ಬಪ್ಪದು ನೋಡಿದ್ದಡ. ಬಾಣಂತಿ ಬಟ್ಟೆ ಒಗೆದ ಕೈಲಿ ಕಟ್ಟಿದ ಮಾಲೆ ಗೋವಿನ ಕೊರಳಿಗೆ ಆಗ್ತಿಲ್ಲೆ ಹೇಳ್ತ."

"ಸ್ನಾನಾ ಮಾಡ್ತೀರಲ್ರಿ ನೀವು?" ಎಂದರು ಬಾಯಾರು.

"ಆನು ಮೀತೆ ಮಾರಾಯ್ತಿ, ದಿನಾ ಮೀತೆ. ಅವ್ಕೆ ಅದು ಸಾಕಾಗ್ತಿಲ್ಲೆ. ಹೆರಿಗೆ ಮೈಲಿಗೆ ಹತ್ತು ದಿನದ್ದು, ಒಂದು ಕೊಡಪಾನ ನೀರಿಗೆ ಹೋಗ್ತಿಲ್ಲೆ. ಎಂಗೂ ಒಳಗೆ ಹೆದರಿಕೆ ಇದ್ದು, ಸುಳ್ಳು ಎಂತಕ್ಕೆ ಹೇಳವು?"

ಮೂಲೆಯಲ್ಲಿ ಚೆಂಡುಹೂವಿನ ರಾಶಿ, ನೆನೆಹಾಕಿದ ನಾರು. ಮಾಲೆ ಹೋಗದಿದ್ದರೆ ಎಲ್ಲ ಗೊಬ್ಬರದ ಗುಂಡಿಗೆ.

ಬಾಯಾರು ಬಳೆ ತಿರುಗಿಸುತ್ತ ಹೇಳಿದರು, "ಹಂಗಾದ್ರ ಹಬ್ಬ ಮುಗಿಯೂತನಕಾ ಪಾಳಿ ನಿಲ್ಲಸೂಣು. ಇವತ್ತಿಂದ ಯಾರೂ ಆ ಕ್ವಾಣಿಗೆ ಹೋಗೂದಿಲ್ಲಂತ ಊರಾಗ ಹೇಳೂಣು. ಬಂದ ರೊಕ್ಕ ಅದ ಕ್ವಾಣಿಗೇ ಹೋಗೂದಲ್ಲೇನ್ರಿ? ಕಂಬಳಿ ಬರ್ತಾವ."

"ಅಲ್ರಿ ಬಾಯಾರ, ನಾರಿನ ಹುಡುಗಿ ಒಬ್ಬಾಕಿನ ಅದಾಳ ಅಲ್ಲೆ" ಎಂದೆ ನಾನು. "ಕಂಬಳಿ ಬರೂತನಕಾ ಅಕಿಗೆ ಗಂಜಿ ಯಾರು ಕೊಡ್ತಾರ? ನಾ ಮಾಲಿ ಕಟ್ಟೂದಿಲ್ಲ. ಪಾಳಿಗೆ ಹೋಗ್ತೀನಿ."

ನನ್ನ ಅತ್ತೆ ಬಾಗಿಲ ಆಚೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದವಳು ಅಲ್ಲಿಂದಲೇ ಅಂದಳು, "ಹೋಗವ್ವ, ಹೋಗು. ಹೋಗಿಬಂದು ಎಲ್ಲೆ ಮಲಗ್ತೀ? ಇದ ಮನ್ಯಾಗಲ್ಲೇನ? ಇದ ಮನ್ಯಾಗ ಹೂವಿನ ರಾಶಿ ಬಿದ್ದೈತಿ."

"ನಮಗ ಸೂತಕ ಇಲ್ಲಲ್ರಿ ಅತ್ತಿ. ಲಿಂಗ ಕಟ್ಟಿದವರು ನಾವು."

"ನಮಗಿಲ್ಲ. ಕೊಳ್ಳೋರಿಗೆ ಐತಿ. ಮಾಲಿ ಕೊಳ್ಳಾಕ ನಿಮ್ಮಪ್ಪ ಬರ್ತಾನೇನು ಗುಡ್ನಾಪುರದಿಂದ?"

ಹೆಂಗಸರು ನಕ್ಕರು. ನನಗೆ ನಗು ಬರಲಿಲ್ಲ, ಆದರೆ ಅತ್ತೆ ಹೇಳಿದ್ದು ನಿಜ. ಹೂ ಇದ್ದದ್ದು ನಮ್ಮ ಮನೆಯಲ್ಲಿ, ಮಾರುವುದು ನಮ್ಮ ಕಟ್ಟೆಯ ಮೇಲೆ. ಈ ಮನೆಯ ಸೊಸೆ ಹೆರಿಗೆ ಕೋಣೆಗೆ ಹೋದಳೆಂದರೆ ಮಾಲೆ ಯಾರು ಕಟ್ಟಿದರೇನು?

ಆಗ ಬೀಬಿ ಮಾತಾಡಿದಳು. ಅವಳು ಯಾವಾಗಲೂ ಬಾಗಿಲ ಹತ್ತಿರವೇ ಕೂರುತ್ತಿದ್ದಳು, ಅವತ್ತೂ ಅಲ್ಲೇ ಇದ್ದಳು.

"ನನ್ನ ಕೈಯ ಮಾಲೆ ಹೆಂಗೂ ಯಾರ ದನಾನೂ ಹಾಕ್ಕೊಳ್ಳಲ್ಲ. ಹಬ್ಬ ಮುಗಿಯೂ ತಂಕ ಅಷ್ಟೂ ಪಾಳಿ ನಂದೇ. ಹೂವಿನ ಹತ್ರ ನಾ ಸುಳಿಯಲ್ಲ, ಈ ಕಡೆ ಕಾಲೂ ಹಾಕಲ್ಲ. ಆಯ್ತಲ್ಲ?"

ಎಲ್ಲರಿಗೂ ಎದೆ ಹಗುರಾಯಿತು. ವಕೀಲರ ಹೆಂಡತಿ "ನೀನು ಪುಣ್ಯಾತ್ಗಿತ್ತಿ ತಂಗಿ" ಎಂದು ಎರಡೆರಡು ಸಲ ಅಂದರು. ಅಷ್ಟು ಹಗುರವಾದದ್ದು ಒಳ್ಳೆಯದಕ್ಕಲ್ಲ ಎಂದು ಈಗ ಹೇಳಬಲ್ಲೆ. ಆಗ ನನಗೂ ಸರಿಯೆಂದೇ ಕಂಡಿತು. ಬೀಬಿ ಆಡಿದರೆ ಮಾಡುವವಳು. ಹುಡುಗಿಗೆ ಗಂಜಿ ಸಿಗುತ್ತದೆ, ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮಾಲೆ ಕಟ್ಟಿದೆವು. ಕಟ್ಟಿ ಕಟ್ಟಿ ಬೆರಳ ತುದಿ ನಾರಿಗೆ ಸೀಳಿತ್ತು, ಅಡಿಕೆ ಚೊಗರಿಗೆ ಕಪ್ಪಾಗಿತ್ತು. ವಕೀಲರ ಹೆಂಡತಿ ಒದ್ದೆ ಸೀರೆಯಲ್ಲಿ ಬೇರೆಯೇ ಕೂತು ಕಟ್ಟುತ್ತಿದ್ದರು, ಅವರ ಮಾಲೆ ಬೇರೆ ಬುಟ್ಟಿಗೆ. ಪಾಳಿ ನಿಂತ ಮಾತು ಊರಿಗೆ ಮುಟ್ಟಿತ್ತು. ಬೇಡ ಎಂದಿದ್ದವರೆಲ್ಲ ಮತ್ತೆ ಬೇಕು ಎಂದು ಹೇಳಿ ಕಳಿಸಿದರು.

ಪಾಡ್ಯದ ಹಿಂದಿನ ದಿನ ಬೆಳಿಗ್ಗೆ ನಮ್ಮ ಕಟ್ಟೆಯ ಮುಂದೆ ಕಾಲಿಡಲು ಜಾಗ ಇರಲಿಲ್ಲ. ಮೋಡ ಮುಚ್ಚಿತ್ತು, ಜಿನುಗು ಬೇರೆ. ದನ ಇದ್ದವರು ಬಂದರು, ಬಾಗಿಲಿಗೆ ಕಟ್ಟುವವರು ಬಂದರು, ಸೈಕಲ್ಲಿಗೆ ಹಾಕುವವರೂ ಬಂದರು. "ಹೆರಿಗೆ ಕೋಣೆಯವರು ಕಟ್ಟಿದ್ದಲ್ಲ ಅಲ್ದಾ?" ಎಂದು ಒಬ್ಬ ಮುದುಕ ಕೇಳಿದರೆ, ಅತ್ತೆ ಅವನ ಕೈಗೆ ಮಾಲೆ ಕೊಡುತ್ತ, "ನೀ ಹುಟ್ಟಿದ್ದೂ ಹೆರಿಗಿ ಕ್ವಾಣ್ಯಾಗ, ಮರತೀ ಏನು? ತಗೋ, ಇದು ಶುದ್ಧ ಐತಿ" ಎಂದಳು. ಅವನು ನಗುತ್ತಲೇ ಎರಡು ಕೊಂಡ.

ಆ ಗದ್ದಲದಲ್ಲಿ ರಸ್ತೆಯ ಆಚೆ ಬದಿಗೆ ಬೀಬಿ ನಿಂತದ್ದು ಕಂಡಿತು. ಬುರ್ಖಾ ಹಾಕಿದ್ದಳು, ಮುಖದ ಪರದೆ ಎತ್ತಿದ್ದಳು, ಕೈಯಲ್ಲಿ ಗಂಜಿಯ ಡಬ್ಬಿ. ಕೈ ಎತ್ತಿ ಏನೋ ಸನ್ನೆ ಮಾಡಿದಳು. ವ್ಯಾಪಾರ ನೋಡಲು ಬಂದಿದ್ದಾಳೆ ಎಂದುಕೊಂಡು ನಾನು ಒಂದು ಮಾಲೆ ಎತ್ತಿ ಅವಳ ಕಡೆ ಆಡಿಸಿದೆ. ಅವಳು ಇನ್ನೊಂದು ಸ್ವಲ್ಪ ಹೊತ್ತು ನಿಂತಿದ್ದಳು. ಮಧ್ಯೆ ಒಂದು ಚಕ್ಕಡಿ ಹಾದು ಹೋಯಿತು. ಆಮೇಲೆ ನೋಡಿದರೆ ಇರಲಿಲ್ಲ.

ಮಾಲೆ ಒಂದೂ ಉಳಿಯಲಿಲ್ಲ. ಬಾಯಾರು ಕುಣಿಯುವುದೊಂದು ಬಾಕಿ. ಮಧ್ಯಾಹ್ನದ ಬಸ್ಸಿಗೆ ಅವರು ಗಂಡನ ಸಂಗಡ ಧಾರವಾಡಕ್ಕೆ ಹಬ್ಬಕ್ಕೆ ಹೋದರು.

ಹಬ್ಬ ಮುಗಿಯಿತು. ಕಂಬಳಿ ಬಂತು, ಕಪ್ಪು ಕಂಬಳಿ, ಕೆಂಪು ಅಂಚಿನದು, ಹಾವೇರಿ ಕಡೆಯ ಕುರುಬರು ನೇಯ್ದದ್ದು. ಬಾಯಾರೂ ವಾಪಸು ಬಂದರು. ಕಂಬಳಿ ಹೊರಿಸಿಕೊಂಡು ನಾವು ಮೂವರು, ಬಾಯಾರು, ವಕೀಲರ ಹೆಂಡತಿ, ನಾನು, ಹೆರಿಗೆ ಕೋಣೆಗೆ ಹೋದೆವು. ನಾನು ಎಲ್ಲಕ್ಕಿಂತ ದಪ್ಪನೆಯದೊಂದನ್ನು ಬೇರೆ ಇಟ್ಟುಕೊಂಡಿದ್ದೆ. ನಾರಿನ ಹುಡುಗಿಯ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರು.

ನರ್ಸ್ ನಮಗೆ ಕೂರಿ ಎನ್ನಲಿಲ್ಲ.

"ಅವಳು ಪಾಡ್ಯದ ಬೆಳಿಗ್ಗೆ ಹೋದ್ಳು. ನಾನು ಮುಖ ತೊಳೆದು ಬರೂದ್ರೊಳಗೆ ಕೂಸು ಕಟ್ಕೊಂಡು ಹೊರಟಾಗಿತ್ತು. ಒಂದು ಹಗಲು ಒಂದು ರಾತ್ರಿ ಸರಿ ಊಟ ಇಲ್ಲ, ಬಿಸಿನೀರಿಲ್ಲ. ನನ್ನ ಪಾಲಿಂದು ಅರ್ಧ ಕೊಟ್ಟೆ. ಅಷ್ಟರಲ್ಲಿ ಹಾಲು ಬರ್ತದಾ?"

"ಬೀಬಿ ಬಂದಿಲ್ಲೇನ?" ಎಂದೆ.

"ಬಂದಿದ್ರು. ಒಂದು ದಿನ ಎಲ್ಲ ಮಾಡಿದ್ರು. ಎರಡ್ನೇ ದಿನ ಹಂಡೆಯಿಂದ ನೀರು ತೋಡೂದು ಆಚೆ ಮಂಚದವಳ ಅತ್ತೆ ನೋಡಿದ್ಳು. ದೊಡ್ಡ ಮನೆಯವಳು. ಹಂಡೆ ನೀರೆಲ್ಲ ಚೆಲ್ಲಿ ಗಲಾಟೆ ಮಾಡಿದ್ಳು, ಡಾಕ್ಟರವರೆಗೆ ಹೋಯ್ತು. ಹಬ್ಬ ಮುಗಿಯೂವರೆಗೆ ಬರಬೇಡಿ ಬೀಬಿ ಅಂತ ನಾನೇ ಹೇಳಿದೆ. ನಂಗೆ ಇಡೀ ಕೋಣೆ ನೋಡ್ಬೇಕಲ್ಲ. ಅವರು ನಿಮಗೆ ಹೇಳ್ತೇನೆ ಅಂದಿದ್ರು. ನಿಮ್ಮಲ್ಲಿ ಯಾರಾದ್ರೂ ಬರ್ತೀರಿ ಅಂತ ಅವಳಿಗೆ ನಾನು ಹೇಳ್ತಾನೇ ಇದ್ದೆ."

ವಕೀಲರ ಹೆಂಡತಿ ಆ ಮಂಚದ ಹತ್ತಿರ ಹೋಗಿ ನಿಂತರು. ಅವತ್ತು ಮೂಗಿಗೆ ಸೆರಗು ಹಿಡಿದಿರಲಿಲ್ಲ.

ನಾನು ಅಲ್ಲಿಂದ ನೆಟ್ಟಗೆ ಬೀಬಿಯ ಮನೆಗೆ ಹೋದೆ. ಸಿಟ್ಟಿನಲ್ಲೇ ಹೋದೆ. ಅವಳು ಗುಲಾಬಿ ಗಿಡದ ಬುಡಕ್ಕೆ ಮಣ್ಣು ಎಳೆಯುತ್ತಿದ್ದಳು.

"ಹೇಳಾಕ ಬಾಯಿ ಇರಲಿಲ್ಲೇನ ನಿನಗ?" ಎಂದೆ.

"ಬಂದಿದ್ನಲ್ಲ ಅಕ್ಕಾ. ಆಸ್ಪತ್ರೆಯಿಂದ ನೇರ ನಿಮ್ಮ ಅಂಗಡಿಗೇ ಬಂದೆ. ಕಟ್ಟೆ ತುಂಬ ಮಾಲೆ. ನಾ ಬರ್ತಾ ಇದ್ದದ್ದು ಆ ಕೋಣೆಯಿಂದ. ಅಷ್ಟು ಜನರ ಎದುರು ಹತ್ತಿರ ಬಂದ್ರೆ ಮಾಲೆ ಹಾಳಾಯ್ತು ಅಂತಿದ್ರಲ್ಲ? ಆಚೆ ನಿಂತು ಕರೆದೆ. ನೀನು ಮಾಲೆ ಆಡಿಸಿ ನಕ್ಕೆ."

"ಆಮ್ಯಾಲೆ?"

"ಸಂಜೆಗೆ ನಮ್ಮವ್ರನ್ನ ರೇಂಜರ್ ಮನೆಗೆ ಕಳಿಸಿದೆ. ಬೀಗ ಇತ್ತು. ಮಾರನೇ ದಿನ ಪಾಡ್ಯ. ಹಬ್ಬದ ದಿನ ನಿಮ್ಮ ಮನೆ ಬಾಗ್ಲಿಗೆ ಹೆಂಗೆ ಬರ್ಲಿ?"

ಅವಳು ಮಣ್ಣಿನ ಕೈಯನ್ನು ಒರೆಸಿಕೊಳ್ಳಲೂ ಇಲ್ಲ. ನಾನು ಬೈಯಲು ಹೋದವಳು ಕಲ್ಲಿನ ಮೇಲೆ ಕೂತೆ. ಅವಳು ಅಳಲಿಲ್ಲ, ನಾನೂ ಅಳಲಿಲ್ಲ. "ಲಾರಿ ನಾಳೆ ಸಿದ್ದಾಪುರಕ್ಕೆ ಹೋಗ್ತದೆ, ಕಾನಸೂರಲ್ಲಿ ಇಳಿಸ್ತಾರೆ. ನೋಡಿ ಬರೋಣ" ಎಂದಳು.

ಲಾರಿಯಲ್ಲಿ ಬಾಯಾರು, ಬೀಬಿ, ನಾನು ಹೋದೆವು. ವಕೀಲರ ಹೆಂಡತಿ ಬರಲಿಲ್ಲ, ಒಂದು ತುಪ್ಪದ ತಂಬಿಗೆ ಕಳಿಸಿದ್ದರು. ಕಾನಸೂರಿನಲ್ಲಿ ಇಳಿದು ಕಾಡುದಾರಿಯಲ್ಲಿ ನಡೆದೆವು. ದಾರಿಯುದ್ದಕ್ಕೂ ಬಾಯಾರು ಕಂಬಳಿಯನ್ನು ತಾವೇ ಹೊತ್ತಿದ್ದರು, ನಾನು ಕೇಳಿದರೂ ಕೊಡಲಿಲ್ಲ.

ಸೋಗೆಯ ಮನೆ. ಅಂಗಳದಲ್ಲಿ ಕುರುಡು ಅತ್ತೆ ಬಿಸಿಲು ಕಾಯುತ್ತಿದ್ದಳು. ಯಾರೆಂದು ಕೇಳಿದಳು. ಶಿರಸಿಯವರು ಎಂದೆವು.

"ಹೋಯ್, ಮಂಡಳಿ ಅಮ್ಮದೀರು! ಬನ್ನಿ ಬನ್ನಿ. ಮನೇಲಿ ಹೆತ್ರೂ ಸಾಯ್ತಿತ್ತು, ಅಲ್ಲಿ ಹೆತ್ರೂ ಸತ್ತೋತು. ನಡುವೆ ನಡ್ದಿದ್ದೊಂದು ದಂಡ."

ಹುಡುಗಿ ಮನೆಯ ಹಿಂದೆ ಬಾಳೆ ದಿಂಡು ಸೀಳುತ್ತಿದ್ದಳು. ಎದೆಯ ಮೇಲೆ ಸೀರೆ ಒದ್ದೆಯಾಗಿತ್ತು. ಈಗ ಹಾಲು ಬರುತ್ತಿತ್ತು, ಕುಡಿಯುವವರಿರಲಿಲ್ಲ. ಪಾಡ್ಯದ ದಿನ ಬಸ್ಸಿಲ್ಲದೆ ನಡೆದಿದ್ದಳು. ಅರ್ಧ ದಾರಿಗೆ ಒಂದು ಗಾಡಿ ಸಿಕ್ಕಿತ್ತು. ಜಿನುಗು ಮಳೆ, ಮೈಮೇಲೆ ಒಂದೇ ಸೀರೆ. ಕೂಸಿಗೆ ಥಂಡಿ ಹತ್ತಿ ಮನೆ ಮುಟ್ಟುವಾಗಲೇ ದನಿ ಇರಲಿಲ್ಲವಂತೆ, ಎರಡು ದಿನ ಇತ್ತಂತೆ. ಇದನ್ನೆಲ್ಲ ಅತ್ತೆಯೇ ಹೇಳಿದಳು. ಹುಡುಗಿ ದಿಂಡು ಸೀಳುತ್ತಲೇ ಇದ್ದಳು.

ಬಾಯಾರು ಕಂಬಳಿಯನ್ನು ಅವಳ ಮುಂದೆ ಇಟ್ಟರು. ಹುಡುಗಿ ನಾರಿನ ಕೈಯಿಂದಲೇ ಕಂಬಳಿಯ ಅಂಚು ಮುಟ್ಟಿ ನೋಡಿದಳು, ದಪ್ಪ ಎಷ್ಟಿದೆ ಎನ್ನುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿದಳು.

"ಮಾಲೆ ಎಲ್ಲಾ ಖರ್ಚಾತಾ ಅಮಾ?"

ಚುಚ್ಚಿ ಕೇಳಿದ್ದಲ್ಲ. ನಾರು ಅವಳದು, ಸೀಳಿ ಒಣಗಿಸಿ ಹೊತ್ತು ತಂದವಳು ಅವಳು. ಹೋಯಿತೋ ಉಳಿಯಿತೋ ಎಂದು ತಿಳಿಯಬೇಕಿತ್ತು. ಬಾಯಾರು ಕಾಡಿನ ಕಡೆ ಮುಖ ಮಾಡಿದರು.

"ಆತು" ಎಂದೆ. "ಒಂದೂ ಉಳೀಲಿಲ್ಲ."

"ಒಳ್ಳೇದಾತು" ಎಂದು ಅವಳು ದಿಂಡು ಎತ್ತಿಕೊಂಡಳು.

ಮುಂದಿನ ವರ್ಷದಿಂದ ಮಂಡಳಿ ಎರಡಾಯಿತು. ಹೂ ಮುಟ್ಟುವವರು ಬೇರೆ, ಹೆರಿಗೆ ಕೋಣೆಗೆ ಹೋಗುವವರು ಬೇರೆ. ಹಂಡೆಯೂ ಎರಡು, ಒಂದು ದೊಡ್ಡ ಮನೆಯವರಿಗೆ, ಒಂದು ಉಳಿದವರಿಗೆ. ಮಾಲೆಯನ್ನು ವಕೀಲರ ಮನೆಯಲ್ಲೇ ಕಟ್ಟಿ ಅವರ ಕಟ್ಟೆಯ ಮೇಲೇ ಮಾರಿದರು. ಇಷ್ಟನ್ನು ಹಿಂದಿನ ವರ್ಷವೇ ಮಾಡಲು ಯಾರ ಅಡ್ಡಿಯೂ ಇರಲಿಲ್ಲ. ಬಾಯಾರಿಗೆ ಎರಡು ವರ್ಷದಲ್ಲಿ ಬೇರೆ ಊರಿಗೆ ವರ್ಗವಾಯಿತು. ಹೋಗುವಾಗ ಡೇರೆ ಗಡ್ಡೆಗಳನ್ನೆಲ್ಲ ಅಗೆದು ವಕೀಲರ ಹೆಂಡತಿಗೇ ಕೊಟ್ಟು ಹೋದರು. ಅವರು ತೆಗೆದುಕೊಂಡರು, ನಿಮ್ಮದೇ ಎಂದೂ ಹೇಳಲಿಲ್ಲ, ನನ್ನದೇ ಎಂದೂ ಹೇಳಲಿಲ್ಲ.

ನಾನು ಮತ್ತು ಬೀಬಿ ಹೆರಿಗೆ ಕೋಣೆಯ ಕಡೆಗೇ ಉಳಿದೆವು. ನನ್ನ ಅತ್ತೆ ಬೈದಳು, ಬೈದು ಸುಸ್ತಾಗಿ ಬಿಟ್ಟಳು.

ನಾರಿನ ಹುಡುಗಿ ನಾರು ತರುವುದನ್ನು ನಿಲ್ಲಿಸಲಿಲ್ಲ. ಬೇರೆ ಆದಾಯ ಏನಿತ್ತು ಅವಳಿಗೆ? ಆದರೆ ಉಗ್ರಾಣದ ಮೆಟ್ಟಿಲ ಮೇಲೆ ಕೂರುವುದನ್ನು ಬಿಟ್ಟಳು. ಹೊರೆಯನ್ನು ವಕೀಲರ ಮನೆಯ ಪಾಗಾರದ ಗೋಡೆಯ ಮೇಲೆ ಇಟ್ಟು, ದುಡ್ಡು ತೆಗೆದುಕೊಂಡು, ನೀರನ್ನೂ ಕೇಳದೆ ಹೋಗುತ್ತಿದ್ದಳು. ಬಾಯಾರು ಊರು ಬಿಟ್ಟ ವರ್ಷ ಮಳೆಗಾಲದಲ್ಲಿ ಬಂದಾಗ ಮತ್ತೆ ಹೊಟ್ಟೆ ಕಾಣುತ್ತಿತ್ತು. ನಾನು ಬಸ್‌ಸ್ಟ್ಯಾಂಡಿನವರೆಗೆ ಅವಳ ಹಿಂದೆಯೇ ಹೋದೆ.

"ಈ ಸಲ ಬಾರವ್ವ. ನಾ ಇರ್ತೀನಿ. ಮಂಡಳಿ ಅಲ್ಲ, ನಾ ಇರ್ತೀನಿ."

ಅವಳು ಬಸ್ಸಿನ ಬಾಗಿಲ ಕಂಬಿ ಹಿಡಿದು ನನ್ನ ಕಡೆ ತಿರುಗಿದಳು.

"ಈ ವರ್ಷ ದೊಡ್ಡಬ್ಬ ಯಾವಾಗ ಬತ್ತದೆ ಅಮಾ?" ಎಂದಳು. "ನೋಡಿ ಹೇಳ್ತೆ."

ಬರಲಿಲ್ಲ. ಮನೆಯಲ್ಲೇ ಹೆತ್ತಳು, ಒಲೆಯ ಪಕ್ಕದಲ್ಲಿ, ಕುರುಡು ಅತ್ತೆಯ ಕೈಯಲ್ಲಿ. ಆ ಕೂಸು ಉಳಿಯಿತು. ಆ ಕಂಬಳಿಯಲ್ಲೇ ಸುತ್ತಿದ್ದ ಅದನ್ನು ಬಸ್ಸಿನ ಕಿಟಕಿಯಿಂದ ಒಮ್ಮೆ ನನಗೆ ತೋರಿಸಿದಳು. ಕೆಳಗೆ ಇಳಿಯಲಿಲ್ಲ.